ಇಗ್ಗಿ ಪಾಪ್ 1977ರ ಟೂರು, 7 ಸೀಡಿ ಬಾಕ್ಸು: ಯಾವ್ದು ಕೇಳ್ಬೇಕು, ಯಾವ್ದು ಬಿಟ್ರೂ ನಡಿಯುತ್ತೆ

ಮೊದ್ಲೇ ಹೇಳ್ಬಿಡ್ತೀನಿ. ಬಾಕ್ಸ್ ಸೆಟ್ಟಿನ ಹೆಸ್ರು ‘ದಿ ಬೋವಿ ಇಯರ್ಸ್’, 2020ರ ಮೇ ಕೊನೇಲಿ ಬಂದಿದ್ದು, 7 ಸೀಡಿ, ಜೊತೆಗೊಂದು 40 ಪುಟದ ಪುಸ್ತಕ. ಅಮೆರಿಕದ ರಾಕ್ ಹಾಡುಗಾರ ಇಗ್ಗಿ ಪಾಪ್ 1977ರಲ್ಲಿ ತಂದ ಎರಡು ಸ್ಟುಡಿಯೋ ಆಲ್ಬಮ್ ಇದ್ಯಲ್ಲ, ‘ದಿ ಈಡಿಯಟ್’ ಮತ್ತೆ ‘ಲಸ್ಟ್ ಫಾರ್ ಲೈಫ್’, ಬರೀ ಅವೆರಡಕ್ಕೋಸ್ಕರ ಇದನ್ನ ತಗೊಳ್ಳೋ ಯೋಚ್ನೆ ಇದ್ರೆ ಬೇಡ, ಅವು ಬಿಡಿಯಾಗೇ ಸಿಗ್ತಾವೆ. ಈ ಡಬ್ಬಕ್ಕೆ ದುಡ್ಡು ಹಾಕೋಕೆ ಇರೋ ಕಾರಣ ಕೊನೇ ಮೂರು ಸೀಡಿ ಅಷ್ಟೆ. ಲಂಡನ್, ಕ್ಲೀವ್‌ಲ್ಯಾಂಡ್, ಶಿಕಾಗೊ. 1977ರ ಮಾರ್ಚ್ 7, 21, 28. ಸರಿಯಾಗಿ ಮೂರು ವಾರದಲ್ಲಿ ಒಂದೇ ಟೂರಿನ ಮೂರು ಶೋ, ಹೆಚ್ಚುಕಮ್ಮಿ ಅವೇ ಹಾಡು, ಅದೇ ಆರ್ಡರು. ‘ಅದೇ ಹಾಡನ್ನ ಮೂರ್‌ಮೂರ್ ಸಲ ತುಂಬಿಸಿ ಮಾರ್ತಿದಾರಲ್ಲಪ್ಪ’ ಅಂತ ಬಯ್ಯೋರು ಬೇಕಾದಷ್ಟು ಜನ ಇದಾರೆ, ಅವ್ರು ಬಯ್ಯೋದ್ರಲ್ಲಿ ಏನೂ ತಪ್ಪಿಲ್ಲ. ಆದ್ರೆ ನಂಗೆ ಇಷ್ಟ ಆಗಿದ್ದೇ ಆ ರಿಪೀಟು. ಹಾಡು ಬದಲಾಗಲ್ಲ, ಆರ್ಡರ್ ಬದಲಾಗಲ್ಲ, ಹಾಗಾಗಿ ಆ ಮನುಷ್ಯ ರಾತ್ರಿಯಿಂದ ರಾತ್ರಿಗೆ ಹೇಗೆ ಬದಲಾಗ್ತಾನೆ ಅನ್ನೋದೊಂದೇ ಕಿವಿಗೆ ಬೀಳುತ್ತೆ.

ಈ ಟೂರಿನ ಹಿನ್ನೆಲೆ ಗೊತ್ತಿಲ್ದೆ ಕೇಳಿದ್ರೆ ಅರ್ಧ ಮಜಾ ಹೋಗುತ್ತೆ, ಅದಕ್ಕೆ ಸ್ವಲ್ಪ ಹೇಳ್ತೀನಿ, ಗೊತ್ತಿರೋರು ಮುಂದಿನ ಪ್ಯಾರಾಗೆ ಹೋಗ್ಬಹುದು. ಇಗ್ಗಿ ಅಮೆರಿಕದ ಮಿಶಿಗನ್ ಕಡೆಯವನು. ಅವನ ಬ್ಯಾಂಡು ಸ್ಟೂಜಸ್. 1969, 1970, 1973ರಲ್ಲಿ ಮೂರು ರೆಕಾರ್ಡ್ ತಂದ್ರು, ಮೂರೂ ಸೇಲ್ ಆಗ್ಲಿಲ್ಲ, 1974ರ ಫೆಬ್ರವರಿಲಿ ಕೊನೇ ಶೋ, ಅಲ್ಲಿಗೆ ಬ್ಯಾಂಡ್ ಕತೆ ಮುಗೀತು. ಆಮೇಲೆ ಡ್ರಗ್ಸು, ಲಾಸ್ ಏಂಜಲೀಸಲ್ಲಿ ಮಾನಸಿಕ ಆಸ್ಪತ್ರೆ, ಯಾರೂ ಫೋನ್ ಎತ್ತದ ಪರಿಸ್ಥಿತಿ. ಆಗ ಕೈ ಹಿಡಿದಿದ್ದು ಇಂಗ್ಲೆಂಡಿನ ರಾಕ್ ಸ್ಟಾರ್ ಡೇವಿಡ್ ಬೋವಿ. 1976ರಲ್ಲಿ ತನ್ನ ಟೂರಿಗೇ ಜೊತೇಲಿ ಕರ್ಕೊಂಡು ಹೋದ, ಆಮೇಲೆ ಫ್ರಾನ್ಸಲ್ಲಿ ಕೂರಿಸ್ಕೊಂಡು ‘ದಿ ಈಡಿಯಟ್’ ಮಾಡಿಸ್ದ. ಇತ್ಲಾಗೆ ಇವನು ಹೀಗೆ ಬಿದ್ದು ಏಳ್ತಿದ್ರೆ ಅತ್ಲಾಗೆ ಲಂಡನ್ನಿನ ಪಂಕ್ (ಒರಟು, ವೇಗದ ರಾಕ್) ಹುಡುಗ್ರು ಅವೇ ಸೇಲಾಗದ ಮೂರು ರೆಕಾರ್ಡನ್ನ ಪಠ್ಯಪುಸ್ತಕ ಮಾಡ್ಕೊಂಡಿದ್ರು. ಸೆಕ್ಸ್ ಪಿಸ್ಟಲ್ಸ್ ಸ್ಟೇಜ್ ಮೇಲೆ ಸ್ಟೂಜಸ್ ಹಾಡು ಹೊಡೀತಿದ್ರು, ಡ್ಯಾಮ್ಡ್ ಬ್ಯಾಂಡು 1977ರ ಫೆಬ್ರವರಿಲಿ ಬಂದ ಮೊದಲ್ನೇ ಆಲ್ಬಮ್ಮಲ್ಲೇ ಒಂದು ಸ್ಟೂಜಸ್ ಹಾಡು ಹಾಕಿದ್ರು. ಹೀಗಾಗಿ ಮಾರ್ಚಲ್ಲಿ ಇಗ್ಗಿ ಇಂಗ್ಲೆಂಡಿನ ಸ್ಟೇಜ್ ಹತ್ತೋ ಹೊತ್ತಿಗೆ, ಇನ್ನೂ ಮೂವತ್ತು ತುಂಬಿಲ್ಲ, ಆಗ್ಲೇ ಪಂಕ್ ಮನೆತನದ ಹಿರಿಯ ಅನ್ನೋ ಪಟ್ಟ ಬಂದ್ಬಿಟ್ಟಿತ್ತು.

ಮಾರ್ಚ್ 1ಕ್ಕೆ ಏಲ್ಸ್‌ಬರಿಯ ಫ್ರೈಯರ್ಸಲ್ಲಿ ಶುರು. ಅಲ್ಲಿಂದ ನ್ಯೂಕ್ಯಾಸಲ್, ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್, ಲಂಡನ್ನಿನ ರೇನ್‌ಬೋ ಥಿಯೇಟರಲ್ಲಿ ಎರಡು ರಾತ್ರಿ, ಆಮೇಲೆ ಕೆನಡಾ, ಅಮೆರಿಕ, ಏಪ್ರಿಲ್ ಮಧ್ಯದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮುಕ್ತಾಯ. ಇಂಗ್ಲೆಂಡಲ್ಲಿ ಇವನಿಗೆ ಮುಂಚೆ ವೈಬ್ರೇಟರ್ಸ್ ನುಡಿಸ್ತಿದ್ರು, ಅಮೆರಿಕದಲ್ಲಿ ಬ್ಲಾಂಡಿ. ‘ದಿ ಈಡಿಯಟ್’ ಅಂಗಡಿಗೆ ಬಂದಿದ್ದು ಮಾರ್ಚ್ 18ಕ್ಕೆ, ಅಂದ್ರೆ ಇಂಗ್ಲೆಂಡ್ ಶೋಗಳೆಲ್ಲ ಮುಗಿದ ಮೇಲೆ. ಅಲ್ಲಿನ ಜನ ಹೊಸ ಹಾಡುಗಳನ್ನ ಮೊದಲು ಕೇಳಿದ್ದೇ ಸ್ಟೇಜಲ್ಲಿ, ರೆಕಾರ್ಡಲ್ಲಿ ಅಲ್ಲ. ಲಂಡನ್ ಸೀಡಿ ಕೇಳುವಾಗ ಇದನ್ನ ನೆನಪಿಟ್ಕೊಳ್ಳಿ, ಹೊಸ ಹಾಡಿಗೆ ಚಪ್ಪಾಳೆ ಯಾಕೆ ತಡವಾಗಿ ಬರುತ್ತೆ ಅಂತ ಅರ್ಥ ಆಗುತ್ತೆ.

ಬ್ಯಾಂಡಿನ ವಿಷ್ಯ. ಡ್ರಮ್ಸಿಗೆ ಹಂಟ್ ಸೇಲ್ಸ್, ಬೇಸಿಗೆ ಅವನ ಅಣ್ಣ ಟೋನಿ ಸೇಲ್ಸ್ (ಅಮೆರಿಕದ ಟೀವಿ ಕಾಮೆಡಿಯನ್ ಸೂಪಿ ಸೇಲ್ಸ್‌ನ ಮಕ್ಕಳು ಇವ್ರು), ಗಿಟಾರಿಗೆ ಸ್ಕಾಟ್‌ಲ್ಯಾಂಡಿನ ರಿಕಿ ಗಾರ್ಡಿನರ್, ಕೀಬೋರ್ಡಿಗೆ ಡೇವಿಡ್ ಬೋವಿ. ಹೌದು, ಅದೇ ಬೋವಿ. ಜನವರಿಲಷ್ಟೇ ಅವನದ್ದೇ ಹೊಸ ಆಲ್ಬಮ್ ‘ಲೋ’ ಬಂದಿತ್ತು, ಬೇರೆ ಯಾರೇ ಆಗಿದ್ರೂ ಅದನ್ನ ಹೊತ್ಕೊಂಡು ತಾವೇ ಟೂರ್ ಹೊರಡ್ತಿದ್ರು, ಈತ ನೋಡಿದ್ರೆ ಫ್ರೆಂಡಿನ ಬ್ಯಾಂಡಲ್ಲಿ ಒಂದ್ ಪಕ್ಕಕ್ಕೆ ಕೂತು ಸಿಗರೇಟ್ ಸೇದ್ಕೊಂಡು ಪಿಯಾನೋ ಬಾರಿಸ್ತಾ ಹಿಂದಿಂದ ಒಂಚೂರು ದನಿ ಸೇರಿಸ್ತಾ ಇದ್ದ, ಸ್ಪಾಟ್‌ಲೈಟ್ ಬೇಡ, ಜನರ ಜೊತೆ ಮಾತೂ ಬೇಡ. ವರ್ಷಗಟ್ಲೆ ವಿಮಾನ ಅಂದ್ರೆ ಭಯ ಅಂತ ಹಡಗು ರೈಲಲ್ಲೇ ಓಡಾಡ್ತಿದ್ದೋನು ಈ ಟೂರಿಗೋಸ್ಕರ ಅಟ್ಲಾಂಟಿಕ್ ಮೇಲೆ ಹಾರಿದ ಅನ್ನೋದು ಇನ್ನೊಂದು ವಿಶೇಷ. ಇದ್ರಿಂದ ಒಂದು ತಾಪತ್ರಯಾನೂ ಆಯ್ತು. ಟಿಕೆಟ್ ತಗೊಂಡೋರಲ್ಲಿ ಸುಮಾರು ಜನ ಕಣ್ಣಿಟ್ಟಿದ್ದು ಸ್ಟೇಜಿನ ಮಧ್ಯಕ್ಕಲ್ಲ, ಸೈಡಿಗೆ.

ಈಗ ಸೀಡಿಗಳಿಗೆ ಬರೋಣ.

ಲಂಡನ್ ರೇನ್‌ಬೋ, ಮಾರ್ಚ್ 7. ಸೌಂಡಿನ ಬಗ್ಗೆ ಸುಳ್ಳು ಹೇಳಲ್ಲ, ಮೂರರಲ್ಲಿ ಇದೇ ಕಳಪೆ. ಬೂಟ್‌ಲೆಗ್ (ಕದ್ದು ರೆಕಾರ್ಡ್ ಮಾಡಿದ) ಕ್ಯಾಸೆಟ್ ಕೇಳಿ ಬೆಳೆದೋರಿಗೆ ಪರ್ವಾಗಿಲ್ಲ ಅನ್ಸುತ್ತೆ, ಬಾಕಿಯೋರಿಗೆ ಮೊದಲ ಐದು ನಿಮಿಷದಲ್ಲೇ ತಲೆ ಕೆಡುತ್ತೆ. ಬೇಸು ಗಿಟಾರು ಒಂದರೊಳಗೊಂದು ಕಲಸ್ಕೊಂಡು, ಇಗ್ಗಿ ದನಿ ಒಮ್ಮೆ ಎದುರಿಗೆ ಒಮ್ಮೆ ಗೋಡೆ ಆಚೆಗೆ. ಆದ್ರೆ ಲಿಸ್ಟಲ್ಲಿ ಇದೇ ಶ್ರೀಮಂತ. ಮುಂದೆ ‘ಲಸ್ಟ್ ಫಾರ್ ಲೈಫ್’ ಆಲ್ಬಮ್ಮಿಗೆ ಹೋದ ಮೂರು ಹಾಡು, ‘ಟರ್ನ್ ಬ್ಲೂ’, ‘ಟುನೈಟ್’, ‘ಸಮ್ ವಿಯರ್ಡ್ ಸಿನ್’, ಇಲ್ಲಿ ಆಗ್ಲೇ ಇದಾವೆ. ಆ ಆಲ್ಬಮ್ ರೆಕಾರ್ಡ್ ಆಗೋಕೆ ಮುಂಚೆನೇ. ಹಾಡು ಇನ್ನೂ ಹಸಿಹಸಿ, ಎಲ್ಲಿ ನಿಲ್ಲಿಸ್ಬೇಕು ಅಂತ ಪೂರ್ತಿ ತೀರ್ಮಾನ ಆಗಿಲ್ಲ ಅನ್ನೋದು ಗೊತ್ತಾಗುತ್ತೆ. ಸ್ಟುಡಿಯೋ ವರ್ಷನ್ ಬಾಯಿಪಾಠ ಆಗಿರೋರಿಗೆ ಇದೊಂದೇ ಸಾಕು ಈ ಸೀಡಿ ತೆಗೀಲಿಕ್ಕೆ.

ಇನ್ನೊಂದು. ರೇನ್‌ಬೋ ಅಂದ್ರೆ ಸೀಟಿರೋ ಥಿಯೇಟರು, ಜನ ಕೂತ್ಕೊಂಡು ನೋಡೋ ಜಾಗ. ಪಂಕ್ ಹುಡುಗ್ರನ್ನ ಕರೆಸಿ ವೆಲ್ವೆಟ್ ಕುರ್ಚಿಲಿ ಕೂರಿಸಿದ್ರೆ ಏನಾಗುತ್ತೆ ಅಂತ ಎರಡೇ ತಿಂಗಳಲ್ಲಿ ಗೊತ್ತಾಯ್ತು, ಮೇ 9ಕ್ಕೆ ಅದೇ ರೇನ್‌ಬೋಲಿ ಕ್ಲ್ಯಾಶ್ ಬ್ಯಾಂಡಿನ ಶೋ ನಡೆದಾಗ ಕುರ್ಚಿ ಕಿತ್ತು ಸ್ಟೇಜಿಗೆ ಎಸೆದ್ರು. ಇಗ್ಗಿ ಶೋಲಿ ಹಾಗೇನೂ ಆಗ್ಲಿಲ್ಲ. ಈ ಸೀಡಿಲಿ ಕೇಳಿಸೋದು ಒಂಥರಾ ಕಾಯೋ ಜನ. ಮೈಗೆ ಗಾಜು ಚುಚ್ಕೊಂಡು, ಕಡ್ಲೆಕಾಯಿ ಬೆಣ್ಣೆ ಬಳ್ಕೊಂಡು, ಜನರ ಮೇಲೆ ನಡ್ಕೊಂಡು ಹೋಗ್ತಿದ್ದ ಹಳೇ ಇಗ್ಗಿ ಬರ್ತಾನೆ ಅಂತ ಕಾಯ್ತಿದಾರೆ. ಬಂದಿದ್ದು ಟೈಮ್ ಸರಿಯಾಗಿ ಹಾಡು ಮುಗಿಸೋ, ಬ್ಯಾಂಡನ್ನ ನೋಡ್ಕೊಂಡು ಹಾಡೋ ಇಗ್ಗಿ. ಪಾಪ, ಬದುಕಿ ಉಳ್ಕೊಂಡಿದ್ದೇ ಅವನ ತಪ್ಪು ಅನ್ನೋ ಹಾಗೆ ಕೆಲವ್ರು ಆಗ ಬೇಜಾರು ಮಾಡ್ಕೊಂಡ್ರು. ನಂಗೆ ಆ ಬೇಜಾರು ಅರ್ಥ ಆಗುತ್ತೆ, ಒಪ್ಪಿಗೆ ಮಾತ್ರ ಇಲ್ಲ.

ಕ್ಲೀವ್‌ಲ್ಯಾಂಡ್ ಅಗೋರಾ, ಮಾರ್ಚ್ 21. ಇದೇ ಗುರು ಇದು. ಡಬ್ಬದಲ್ಲಿ ಒಂದೇ ಒಂದು ಲೈವ್ ಸೀಡಿ ಕೇಳ್ತೀನಿ ಅನ್ನೋರು ನೇರ ಇದಕ್ಕೆ ಬನ್ನಿ. ಥಿಯೇಟರ್ ಅಲ್ಲ, ಕ್ಲಬ್ಬು, ಅದು ಸೌಂಡಲ್ಲೇ ಗೊತ್ತಾಗುತ್ತೆ, ಜನ ಹತ್ರ ಇದಾರೆ, ಕಿರುಚೋದು ಮೈಕಿಗೆ ಬೀಳ್ತಿದೆ. ಶುರುನಲ್ಲೇ ‘ರಾ ಪವರ್’. ಹಂಟ್ ಸೇಲ್ಸ್ ಡ್ರಮ್ಮಿಗೆ ಹೊಡಿಯೋ ರೀತಿ ನೋಡಿದ್ರೆ ಯಾರ ಮೇಲೋ ಹಳೇ ದ್ವೇಷ ಇದ್ದಂಗಿದೆ. ಆದ್ರೆ ಒಂದು ಬೀಟೂ ಆಚೀಚೆ ಹೋಗಲ್ಲ. ನೋಡಿ, ಈ ಟೂರಿನ ಜಗಳ ಇರೋದೇ ಇಲ್ಲಿ. ಸ್ಟೂಜಸ್ ನುಡಿಸುವಾಗ ಇಡೀ ಬ್ಯಾಂಡು ಇಗ್ಗಿ ಜೊತೆ ಸೇರಿ ಗುಂಡಿಗೆ ಬೀಳೋದು, ಅದೇ ಅದರ ರುಚಿ. ಇಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ಬ್ಯಾಂಡು ಹಾಡನ್ನ ಮೇಲಕ್ಕೆತ್ತಿ ನೀಟಾಗಿ ನಿಲ್ಲಿಸೋಕೆ ನೋಡುತ್ತೆ, ಇಗ್ಗಿ ಅದನ್ನ ಕೆಡವೋಕೆ ನೋಡ್ತಾನೆ. ಪ್ರೊಫೆಷನಲ್ ಆಗ್ಬಿಟ್ರು, ಪಂಕ್ ಸತ್ತೋಯ್ತು ಅಂತ ಆಗಿನೋರು ಬೈದಿದ್ದು ಇದಕ್ಕೇನೆ. ನಂಗೆ ಮಾತ್ರ ಈ ಎಳೆದಾಟನೇ ಈ ಟೂರಿನ ಸ್ವಂತ ಸೊತ್ತು ಅನ್ಸುತ್ತೆ, ಸ್ಟೂಜಸ್‌ನಲ್ಲೂ ಇಲ್ಲ, ಆಮೇಲಿನ ಇಗ್ಗಿ ರೆಕಾರ್ಡುಗಳಲ್ಲೂ ಇಷ್ಟು ಜೋರಾಗಿ ಸಿಗಲ್ಲ.

ಒಂದು ಹಾಡು ಹತ್ರದಿಂದ ಹೇಳ್ತೀನಿ, ‘ಐ ವಾನ ಬಿ ಯುವರ್ ಡಾಗ್’. 1969ರ ಒರಿಜಿನಲ್ ಕೇಳಿರೋರಿಗೆ ಗೊತ್ತು, ಅದ್ರಲ್ಲಿ ಪಿಯಾನೋ ಅಂದ್ರೆ ಒಂದೇ ಒಂದು ಸ್ವರ, ಶುರುವಿಂದ ಕೊನೇವರೆಗೂ ಟಿಂಗ್ ಟಿಂಗ್ ಟಿಂಗ್ ಅಂತ ಬಡೀತಾನೇ ಇರೋದು, ನುಡಿಸಿದ್ದು ಆ ಆಲ್ಬಮ್ಮಿನ ಪ್ರೊಡ್ಯೂಸರ್ ಜಾನ್ ಕೇಲ್. ಆ ಹಾಡಿನ ಕೆಟ್ಟತನ ಎಲ್ಲ ಆ ಒಂದು ಸ್ವರದಲ್ಲೇ ಕೂತಿದೆ, ಮನೆ ಪಕ್ಕ ಯಾರೋ ನಿಲ್ಲಿಸ್ದೇ ಮೊಳೆ ಹೊಡೀತಿದ್ರೆ ಹೇಗಿರುತ್ತೆ ಹಾಗೆ. 1977ರಲ್ಲಿ ಆ ಜಾಗ ಬೋವಿಗೆ ಬಂತು. ಬೋವಿ ಅದನ್ನ ಹಾಗೇ ಬಿಡಲ್ಲ, ತುಂಬಿಸ್ತಾನೆ, ಎರಡೂ ಕೈಲಿ ದಪ್ಪದಪ್ಪ ಕಾರ್ಡು (ಒಟ್ಟಿಗೆ ಒತ್ತೋ ಸ್ವರಗಳು) ಹಾಕ್ತಾನೆ, ಹಳೇ ರಾಕ್ ಅಂಡ್ ರೋಲ್ ಪಿಯಾನೋ ತರ. ಮೊದಲ ಸಲ ಕೇಳುವಾಗ ಥೂ, ಹಾಡು ಹಾಳು ಮಾಡ್ದ ಅನ್ನಿಸ್ತು. ಹೆಡ್‌ಫೋನ್ ಹಾಕ್ಕೊಂಡು ಬರೀ ಪಿಯಾನೋ ಕಡೆ ಕಿವಿ ಕೊಟ್ಟು ಕೇಳಿದ್ರೆ ಬೇರೆ ಕತೆ. ಇಗ್ಗಿ ಎಲ್ಲಿ ಲೈನ್ ಬಿಟ್ಟು ಬರೀ ಊಳಿಡ್ತಾನೋ ಅಲ್ಲಿ ಪಿಯಾನೋ ಜೋರಾಗುತ್ತೆ, ಇಗ್ಗಿ ವಾಪಸ್ ಹಾಡಿಗೆ ಬಂದ ತಕ್ಷಣ ಹಿಂದೆ ಸರಿಯುತ್ತೆ. ಬಿದ್ರೆ ಹಿಡಿಯೋಕೆ ಒಬ್ಬ ಅಲ್ಲಿ ಕೂತಿದಾನೆ, ಅಷ್ಟೆ. ಹಾಡು ಕೆಟ್ಟಿದೆ ಅನ್ನೋ ಅಭಿಪ್ರಾಯ ಪೂರ್ತಿ ಹೋಗಿಲ್ಲ, ಆದ್ರೂ ಇದನ್ನ ಕೇಳದೆ ಇರೋಕಾಗಲ್ಲ.

‘ಡರ್ಟ್’ ಹಾಡಿನ ಬಗ್ಗೆನೂ ಒಂದ್ ಮಾತು. ನಿಧಾನದ ಹಾಡು, ಪೂರ್ತಿ ಬೇಸ್ ಮೇಲೇ ನಿಂತಿರೋದು. ಟೋನಿ ಸೇಲ್ಸ್ ಅದನ್ನ ಅವಸರ ಮಾಡ್ದೇ ಎಳ್ಕೊಂಡು ಹೋಗ್ತಾನೆ, ಗಾರ್ಡಿನರ್ ಗಿಟಾರು ಅದರ ಸುತ್ತ ಸುತ್ತುತ್ತೆ, ಇಗ್ಗಿ ಕಿರುಚದೇ ಬರೀ ಗಂಟಲ ತಳದಿಂದ ಹಾಡ್ತಾನೆ. ಇವನಿಗೆ ನಿಜವಾಗ್ಲೂ ಹಾಡೋಕೆ ಬರುತ್ತೆ ಅಂತ ಅನುಮಾನ ಇದ್ದೋರು ಇದನ್ನ ಕೇಳಿ. ಅದೇ ‘ಟರ್ನ್ ಬ್ಲೂ’ ಬಂದಾಗ ನಂಗೆ ತಾಳ್ಮೆ ಕೆಡುತ್ತೆ, ಎಷ್ಟೊತ್ತು ಎಳೀತಾರಪ್ಪ ಅದನ್ನ, ಶೋ ಮಧ್ಯಕ್ಕೆ ಬಂದು ಕೂತಿದೆ ಬೇರೆ, ಕಾದಿದ್ದ ಜನ ಅಲ್ಲಿ ತಣ್ಣಗಾಗೋದು ಚೆನ್ನಾಗಿ ಕೇಳುತ್ತೆ. ಸ್ಕಿಪ್ ಮಾಡಿದ್ರೆ ಪಾಪ ಬರಲ್ಲ.

ಶಿಕಾಗೊ, ಮಂತ್ರ ಸ್ಟುಡಿಯೋ, ಮಾರ್ಚ್ 28. ಸ್ಟುಡಿಯೋ ಆದ್ರಿಂದ ವಾದ್ಯಗಳು ಬೇರೆಬೇರೆಯಾಗಿ ಕೇಳಿಸ್ತಾವೆ, ಬೋವಿ ಹಿಂದಿನ ದನಿ ‘ಫನ್‌ಟೈಮ್’ನಲ್ಲಿ ಸ್ಪಷ್ಟ. ಬೋವಿ ಅಭಿಮಾನಿಗಳು ಇದನ್ನೇ ಇಷ್ಟಪಡ್ತಾರೆ, ನೋಡಿ ಬೇಕಾದ್ರೆ. ಆ ಹೊತ್ತಿಗೆ ನಾಲ್ಕು ವಾರ ಆಗಿತ್ತು ರೋಡಲ್ಲಿ, ಬ್ಯಾಂಡಿಗೆ ಎಲ್ಲ ನಿದ್ದೆಗಣ್ಣಲ್ಲೂ ಬರ್ತಿತ್ತು. ಅದೇ ಇದರ ಕೊರತೆ ಕೂಡ. ಕ್ಲೀವ್‌ಲ್ಯಾಂಡಿನ ಬೆವರು ಇಲ್ಲಿಲ್ಲ. ‘ಸಿಸ್ಟರ್ ಮಿಡ್‌ನೈಟ್’, ‘ಚೈನಾ ಗರ್ಲ್’ ಇವೆರಡು ಮಾತ್ರ ಮೂರೂ ಶೋಗಳಲ್ಲಿ ಇಲ್ಲೇ ಬೆಸ್ಟು. ‘ಚೈನಾ ಗರ್ಲ್’ ಅಂದ ಕೂಡ್ಲೇ 1983ರ ಬೋವಿ ಹಿಟ್ ನೆನಪಾಗೋರು ತುಂಬ ಜನ, ಅದರ ಅಸಲಿ ರೂಪ ಇಗ್ಗಿದು, ಲೈವಲ್ಲಿ ಅದು ಪ್ರೇಮಗೀತೆ ತರ ಕೇಳಿಸೋದೇ ಇಲ್ಲ, ಬೆದರಿಕೆ ತರ ಕೇಳಿಸುತ್ತೆ.

ಇನ್ನು ‘ಟಿವಿ ಐ’ ಲೈವ್ ಆಲ್ಬಮ್. 1978ರಲ್ಲಿ ಕಂಪನಿ ಅಧಿಕೃತವಾಗಿ ತಂದಿದ್ದು ಇದೊಂದೇ, ಈ ಡಬ್ಬದಲ್ಲೂ ಇದೆ. ಎಂಟು ಹಾಡು. ಅರ್ಧ ಈ ಮಾರ್ಚ್ ಟೂರಿಂದು, ಇನ್ನರ್ಧ ಅದೇ ವರ್ಷ ಅಕ್ಟೋಬರಲ್ಲಿ ಕ್ಯಾನ್ಸಾಸ್ ಸಿಟಿಲಿ ನಡೆದ ಶೋದು, ಆಗ ಬೋವಿ ಇಲ್ಲ, ಗಾರ್ಡಿನರೂ ಇಲ್ಲ, ಸ್ಟೇಸಿ ಹೇಡನ್ ಮತ್ತೆ ಹಳೇ ಸ್ಟೂಜಸ್ ದೋಸ್ತ್ ಸ್ಕಾಟ್ ಥರ್ಸ್ಟನ್ ಬಂದಿದ್ರು, ಸೇಲ್ಸ್ ಬ್ರದರ್ಸ್ ಮಾತ್ರ ಹಾಗೇ ಉಳಿದಿದ್ರು. ಆರ್‌ಸಿಎ ಕಂಪನಿ ಕಾಂಟ್ರಾಕ್ಟ್ ಮುಗಿಸೋಕೆ ಒಂದು ಆಲ್ಬಮ್ ಕೊಡ್ಬೇಕಿತ್ತು. ಅಡ್ವಾನ್ಸ್ ಬಂದಿದ್ದು 90,000 ಡಾಲರ್, ಸೌಂಡ್‌ಬೋರ್ಡ್ ಟೇಪುಗಳನ್ನ (ಶೋನಲ್ಲಿ ಮಿಕ್ಸರಿಂದ ನೇರ ರೆಕಾರ್ಡ್ ಆದವು) ತಂದು ರಿಪೇರಿ ಮಾಡೋಕೆ ಆಗಿದ್ದು 5,000 ಡಾಲರ್ ಆಸುಪಾಸು, ಉಳಿದಿದ್ದೆಲ್ಲ ಜೇಬಿಗೆ. ಅಷ್ಟು ಸೊಗಸಾಗಿ ಕಂಪನಿಗೆ ಟೋಪಿ ಹಾಕಿದ್ದಕ್ಕಾದ್ರೂ ಪಂಕ್ ಅಂತ ಒಪ್ಕೋಬೇಕು. ಬಂದಾಗ ವಿಮರ್ಶಕರು ಉಗಿದ್ರು, ಸೌಂಡು ಬೂಟ್‌ಲೆಗ್ ತರ ಇದೆ ಅಂತ. ಹೌದು, ಇದೆ. ಆದ್ರೆ ಈಗ ಪೂರ್ತಿ ಶೋಗಳು ಪಕ್ಕದಲ್ಲೇ ಇರೋವಾಗ ಇದನ್ನ ಕೇಳಿದ್ರೆ ಇನ್ನೊಂದು ವಿಷ್ಯ ಹೊಳಿಯುತ್ತೆ, ಇದು ಕ್ರೂರವಾಗಿ ಕತ್ತರಿಸಿರೋ ಆಲ್ಬಮ್, ಮಾತಿಲ್ಲ ಕತೆಯಿಲ್ಲ, ಒಂದಾದ್ಮೇಲೊಂದು ಏಟು, ಮುಕ್ಕಾಲು ಗಂಟೆ ಕೂಡ ಇಲ್ಲ. ಬಸ್ಸಲ್ಲಿ ಕೇಳೋಕೆ ಮೂರೂ ಶೋಗಿಂತ ಇದೇ ವಾಸಿ. ಅಕ್ಟೋಬರಿನ ‘ಲಸ್ಟ್ ಫಾರ್ ಲೈಫ್’ನಲ್ಲಿ ಹಂಟ್ ಸೇಲ್ಸ್ ಡ್ರಮ್ಸು ಮಾರ್ಚಿಗಿಂತ ಇನ್ನೂ ಒರಟು, ಆ ಹೊತ್ತಿಗೆ ಇಗ್ಗಿ ಸ್ಟೇಜಿಗೆ ಕುದುರೆ ಬಾಲ ಕಟ್ಕೊಂಡು ಬರೋ ಹಂತಕ್ಕೆ ವಾಪಸ್ ಬಂದಿದ್ದ, ಹಳೇ ಹುಚ್ಚು ಮತ್ತೆ ಹತ್ತಿತ್ತು ಅನ್ನಿ.

ಸ್ಟುಡಿಯೋ ಆಲ್ಬಮ್ಮುಗಳ ರೀಮಾಸ್ಟರ್ ಬಗ್ಗೆ ಜಾಸ್ತಿ ಹೇಳೋಕಿಲ್ಲ, ಚೆನ್ನಾಗಿದೆ, ಮೊದಲೇ ಇದ್ದೋರು ಮತ್ತೆ ತಗೊಳ್ಳೋ ಅಷ್ಟು ಫರಕ್ ನಂಗೆ ಕಾಣ್ಲಿಲ್ಲ. ನೆನಪಿಡಬೇಕಾದ್ದು ಏನಂದ್ರೆ ‘ಲಸ್ಟ್ ಫಾರ್ ಲೈಫ್’ ಹುಟ್ಟಿದ್ದೇ ಈ ಟೂರಿಂದ, ಟೂರ್ ಮುಗಿಸ್ಕೊಂಡು ಬರ್ಲಿನ್ನಿನ ಹಾನ್ಸಾ ಸ್ಟುಡಿಯೋಗೆ ಅದೇ ಬ್ಯಾಂಡು ಹೊಕ್ಕಿದ್ದು, ಅದಕ್ಕೇ ಆ ಆಲ್ಬಮ್ಮಲ್ಲಿ ಇರೋ ಓಟ ‘ದಿ ಈಡಿಯಟ್’ನಲ್ಲಿ ಇಲ್ಲ. ಮೊದಲು ಕ್ಲೀವ್‌ಲ್ಯಾಂಡ್ ಕೇಳಿ, ತಕ್ಷಣ ‘ಲಸ್ಟ್ ಫಾರ್ ಲೈಫ್’ ಹಾಕಿ ನೋಡಿ, ಎರಡರ ಮಧ್ಯ ಹೊಲಿಗೆನೇ ಕಾಣಲ್ಲ. ಆ ಆಲ್ಬಮ್ ಬರೋ ಹೊತ್ತಿಗೆ ಸರಿಯಾಗಿ 1977ರ ಆಗಸ್ಟ್ 16ಕ್ಕೆ ಎಲ್ವಿಸ್ ತೀರ್ಕೊಂಡ, ಅವನೂ ಅದೇ ಆರ್‌ಸಿಎ, ಕಂಪನಿ ಪ್ರೆಸ್ಸೆಲ್ಲ ಎಲ್ವಿಸ್ ರೆಕಾರ್ಡ್ ಹೊಡಿಯೋದ್ರಲ್ಲಿ ಬಿಝಿ, ಇಗ್ಗಿನ ಕೇಳೋರಿಲ್ಲ. ನಸೀಬು ಅಂದ್ರೆ ಇದು.

ನಾಲ್ಕನೇ ಸೀಡಿ ಬೇರೆಬೇರೆ ಮಿಕ್ಸು, ಸಿಂಗಲ್ ಎಡಿಟು. ಒಂದ್ಸಲ ಕೇಳಿ ಎತ್ತಿಡೋ ಸಾಮಾನು.

ನನ್ನ ದೊಡ್ಡ ತಕರಾರು ಸೌಂಡ್ ಬಗ್ಗೆ ಅಲ್ಲ, ಮಾರೋ ರೀತಿ ಬಗ್ಗೆ. ಡಬ್ಬದ ಹೆಸರಲ್ಲಿ ದೊಡ್ಡದಾಗಿ ಬೋವಿ. ಒಳಗಿರೋ ಲೈವ್ ಸೀಡಿಲೆಲ್ಲ ಬೋವಿ ಬೇಕಂತಲೇ ನೆರಳಲ್ಲಿ ಕೂತಿದಾನೆ, ಆ ಮನುಷ್ಯ ಬೇಡ ಅಂದಿದ್ದ ಸ್ಪಾಟ್‌ಲೈಟನ್ನ ನಲ್ವತ್ಮೂರು ವರ್ಷ ಬಿಟ್ಟು ಮಾರ್ಕೆಟಿಂಗ್‌ನೋರು ತಂದು ಮುಖಕ್ಕೆ ಹಿಡಿದಿದಾರೆ. ರಿಕಿ ಗಾರ್ಡಿನರ್ ಹೆಸರು ಎಷ್ಟು ಜನಕ್ಕೆ ಗೊತ್ತು ಹೇಳಿ, ‘ದಿ ಪ್ಯಾಸೆಂಜರ್’ ಹಾಡಿನ ಆ ಗಿಟಾರ್ ರಿಫ್ (ಮತ್ತೆಮತ್ತೆ ಬರೋ ತುಣುಕು) ಕಟ್ಟಿದ್ದೇ ಅವನು. ಮಾರ್ಚ್ ಶೋಗಳಲ್ಲಿ ಸ್ಟೂಜಸ್ ಹಾಡುಗಳನ್ನ ಕಾಪಿ ಹೊಡೀದೆ ತನ್ನದೇ ದಾರೀಲಿ ನುಡಿಸಿದ್ದೂ ಅವನೇ, ‘ಗಿಮ್ಮಿ ಡೇಂಜರ್’ನಲ್ಲಿ ಅವನ ಗಿಟಾರ್ ಕೇಳಿ ಗೊತ್ತಾಗುತ್ತೆ. ಸೇಲ್ಸ್ ಬ್ರದರ್ಸನ್ನ ಬೋವಿ ಹತ್ತು ವರ್ಷ ಬಿಟ್ಟು ಮತ್ತೆ ಹುಡುಕ್ಕೊಂಡು ಹೋಗಿ ‘ಟಿನ್ ಮಶೀನ್’ ಬ್ಯಾಂಡ್ ಕಟ್ಟಿದ್ದೂ ಸುಮ್ನೆ ಅಲ್ಲ.

ಯಾರಿಗೆ ಏನು ಅಂತ ಕೇಳಿದ್ರೆ. ಇಗ್ಗಿ ಹೊಸಬ ನಿಮಗೆ ಅಂದ್ರೆ ಈ ಡಬ್ಬ ಮುಟ್ಟಲೇಬೇಡಿ, ಸ್ಟೂಜಸ್‌ನ ಎರಡನೇ ಆಲ್ಬಮ್ಮಿಂದ ಶುರು ಮಾಡಿ. ಸ್ಟುಡಿಯೋ ಆಲ್ಬಮ್ ಇಷ್ಟ, ಲೈವ್ ಒಂಚೂರು ರುಚಿ ನೋಡ್ಬೇಕು ಅನ್ನೋರಿಗೆ ಎರಡೆರಡು ಸೀಡಿಯ ಡಿಲಕ್ಸ್ ಎಡಿಷನ್ ಬಂದಿದೆ, ‘ದಿ ಈಡಿಯಟ್’ ಜೊತೆ ರೇನ್‌ಬೋ ಶೋ, ‘ಲಸ್ಟ್ ಫಾರ್ ಲೈಫ್’ ಜೊತೆ ‘ಟಿವಿ ಐ’, ಅದೇ ಧಾರಾಳ ಸಾಕು. ಆದ್ರೆ ಕಂಪನಿಯೋರ ಚಾಲಾಕಿತನ ನೋಡಿ, ಅಸಲಿ ಮಾಲು ಕ್ಲೀವ್‌ಲ್ಯಾಂಡ್, ಅದನ್ನ ಆ ಅಗ್ಗದ ಎಡಿಷನ್ನಿಗೆ ಹಾಕ್ಲಿಲ್ಲ, ದೊಡ್ಡ ಡಬ್ಬಕ್ಕೇ ಸಿಕ್ಕಿಸಿದಾರೆ. ಐದಕ್ಕೆ ಮೂರೂವರೆ ಸ್ಟಾರ್ ಕೊಡ್ತೀನಿ. ಕ್ಲೀವ್‌ಲ್ಯಾಂಡ್ ಸೀಡಿ ಬಿಡಿಯಾಗಿ ಮಾರಿದ್ರೆ ಅದೊಂದಕ್ಕೆ ನಾಲ್ಕೂವರೆ, ಉಳಿದ ಅರ್ಧ ‘ಟರ್ನ್ ಬ್ಲೂ’ಗೆ ಕಟ್.